ಅಂಗೈಯಲ್ಲಿ ಬರೆದುಕೊಂಡ ಹೆಸರು

ಈಗಲೂ ಮನೆಯಲ್ಲಿ ಫೋನ್ ರಿಂಗಾದರೆ ನಾನು ಮೊದಲು ಗೋಡೆಯ ಗಡಿಯಾರ ನೋಡುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ. ಹೆಂಡತಿ ಗಿರಿಜಾ ನಗುತ್ತಾಳೆ. "ನಿಮ್ಮ ತಂಗಿ ಫೋನ್ ಮಾಡ್ಯಾಳ್ರಿ, ಟೈಮ್ ಬರಕೊಳ್ಳೂದೇನ್ ಬೇಕಾಗಿಲ್ಲ" ಅನ್ನುತ್ತಾಳೆ. ಮೂವತ್ತೆರಡು ವರ್ಷ ರಾಣೇಬೆನ್ನೂರು, ಹಾವೇರಿ, ಬ್ಯಾಡಗಿ ಕಡೆಯ ವಿದ್ಯುತ್ ಉಪಕೇಂದ್ರಗಳಲ್ಲಿ ಆಪರೇಟರ್ ಆಗಿ ಕೂತವನ ಚಟ ಇದು. ಸುಟ್ಟರೂ ಹೋಗುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ತಮ್ಮಂದಿರಿಗೆ, ತಂಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನೆಲ್ಲ ಹೇಳುವುದಿಲ್ಲ. ಅದರಿಂದ ನಿಮಗೆ ಕವಡೆಯಷ್ಟೂ ಉಪಯೋಗವಿಲ್ಲ. ಹೇಳಬೇಕಾದದ್ದು ಒಂದೇ ಒಂದು ಮಧ್ಯಾಹ್ನದ ಸಂಗತಿ. ಆದರೆ ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಉಪಕೇಂದ್ರಕ್ಕೆ ದೊಡ್ಡ ಲೈನಿನಿಂದ ಕರೆಂಟು ಬರುತ್ತದೆ. ಅಲ್ಲಿಂದ ನಾಲ್ಕೈದು ಲೈನುಗಳಾಗಿ ಊರುಗಳಿಗೆ, ಹೊಲದ ಪಂಪ್‌ಸೆಟ್ಟುಗಳಿಗೆ ಹೋಗುತ್ತದೆ. ಹೀಗೆ ಹೋಗುವ ಒಂದೊಂದು ಲೈನಿಗೆ ಫೀಡರ್ ಅನ್ನುತ್ತೇವೆ. ಒಂದೊಂದು ಫೀಡರಿಗೂ ಒಂದು ಬ್ರೇಕರ್, ಅದನ್ನು ತಿರುಗಿಸಲು ಒಂದು ಹಿಡಿ. ಈ ಕಡೆ ತಿರುಗಿಸಿದರೆ ಕರೆಂಟು ಹೋಯಿತು, ಆ ಕಡೆ ತಿರುಗಿಸಿದರೆ ಬಂತು. ಆ ಹಿಡಿಗಳ ಮುಂದೆ ಎಂಟು ತಾಸು ಕೂತು, ತಾಸಿಗೊಮ್ಮೆ ರೀಡಿಂಗ್ ಬರೆದು, ಬಂದ ಫೋನಿಗೆಲ್ಲ ಉತ್ತರ ಕೊಡುವವನೇ ಆಪರೇಟರ್. "ಕುಂತ ಜಾಗಾ ಬಿಟ್ಟ ಏಳೂದ ಬ್ಯಾಡ, ಎಂಥಾ ಚೊಲೋ ನೌಕರಿ" ಎಂದು ನಮ್ಮ ಮಾವನವರು ಹೆಣ್ಣು ಕೊಡುವಾಗ ಖುಷಿಪಟ್ಟಿದ್ದರು. ಪಾಪ, ಅವರಿಗೇನು ಗೊತ್ತು.

ನನಗೆ ಕೆಲಸ ಕಲಿಸಿದವರು ರಾಣೇಬೆನ್ನೂರಿನಲ್ಲಿದ್ದ ಹಿರಿಯ ಆಪರೇಟರ್ ಖಾದರ್ ಚಾಚಾ. ಆಗ ಲೈನ್‌ಮ್ಯಾನ್ ಕಂಬ ಹತ್ತಬೇಕಾದರೆ ಸೈಕಲ್ ಮೇಲೆ ಖುದ್ದಾಗಿ ಉಪಕೇಂದ್ರಕ್ಕೆ ಬರುತ್ತಿದ್ದ. ನಾವು ಅವನ ಎದುರಿಗೇ ಲೈನ್ ಬಂದ್ ಮಾಡಿ, ಪುಸ್ತಕದಲ್ಲಿ ಅವನ ಹೆಸರು, ವೇಳೆ ಬರೆದು ಸಹಿ ತೆಗೆದುಕೊಳ್ಳುತ್ತಿದ್ದೆವು. ಇದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಅವನು ಮತ್ತೆ ಬಂದು, "ಜನ ಇಳಿದಾರ, ಅರ್ಥ್ ತಗದೇನಿ, ಲೈನ್ ಬಿಡ್ರಿ" ಎಂದು ಹೇಳಿ ಇನ್ನೊಂದು ಸಹಿ ಹಾಕಿದರೆ ಲೈನ್ ಕ್ಲಿಯರ್ ವಾಪಸ್ ಬಂತು ಅಂತ ಲೆಕ್ಕ. ಅರ್ಥ್ ಅಂದರೆ ಕೆಲಸ ಮಾಡುವ ಜಾಗದಲ್ಲಿ ತಂತಿಗೆ ಕಬ್ಬಿಣದ ರಾಡು ಹಾಕಿ, ಸರಪಳಿಯಿಂದ ಭೂಮಿಗೆ ಜೋಡಿಸುವುದು. ತಪ್ಪಿ ಕರೆಂಟು ಬಂದರೂ ಅದು ಭೂಮಿಗೆ ಇಳಿದುಹೋಗಲಿ ಅಂತ.

ಸೇರಿದ ಮೊದಲ ತಿಂಗಳು. ಕೈ ತೊಳೆದುಕೊಂಡು ಬಂದೆ. ಒಂದು ಬ್ರೇಕರಿನ ಹಿಡಿಗೆ ಯಾರದೋ ಟವಲ್ ನೇತುಹಾಕಿತ್ತು. ತೆಗೆದು ಕೈ ಒರೆಸಿಕೊಂಡು ಕುರ್ಚಿಯ ಬೆನ್ನಿಗೆ ಹಾಕಿದೆ. ಖಾದರ್ ಚಾಚಾ ನಮಾಜು ಮುಗಿಸಿ ಒಳಗೆ ಬಂದವರು ಹಿಡಿ ನೋಡಿದರು, ಕುರ್ಚಿ ನೋಡಿದರು, ನನ್ನ ಕಪಾಳಕ್ಕೆ ಬಿಗಿದರು. ನನ್ನ ಅಪ್ಪ ಕೂಡ ಹಾಗೆ ಹೊಡೆದಿರಲಿಲ್ಲ.

"ಆ ಟವಲ್ ಅಂದ್ರ ಏನಂತ ತಿಳಕೊಂಡೀಯೋ? ಒಬ್ಬ ಮನಶಾ ಅದು. ಮೂರು ಮೈಲು ಆಚೆ ಕಂಬದ ಮ್ಯಾಲ ಕುಂತಾನ" ಅಂದರು.

ಲೈನ್‌ಮ್ಯಾನ್ ಕೆಲಸಕ್ಕೆ ಹೋಗುವಾಗ ತನ್ನ ಟವಲನ್ನು ತಾನೇ ಹಿಡಿಗೆ ಸುತ್ತಿ ಹೋಗುವುದು, ಬಂದ ಮೇಲೆ ತಾನೇ ಬಿಚ್ಚುವುದು ಅಲ್ಲಿಯ ರೂಢಿ. ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. "ಬೇಟಾ, ಕಾಗದದ ಮ್ಯಾಲ ಕಣ್ಣ ತಪ್ಪತಾವ. ಟವಲ್ ಹಿಡಕೊಳ್ಳಲಾರದ ಹಿಡಿ ತಿರುಗಿಸಾಕ ಬರೂದಿಲ್ಲ" ಎಂದು ಸಂಜೆ ಚಹಾ ಕೊಡಿಸಿ ಸಮಾಧಾನ ಹೇಳಿದರು. ಕಪಾಳ ಎರಡು ದಿನ ಚುರುಗುಟ್ಟಿತು.

ಹಾವೇರಿಗೆ ವರ್ಗವಾಗಿ ಬರುವ ಹೊತ್ತಿಗೆ ಎಲ್ಲರ ಕಿಸೆಗೂ ಮೊಬೈಲ್ ಬಂದಿತ್ತು. ಇಷ್ಟು ದೂರ ಯಾಕೆ ಬರಬೇಕು, ಫೋನಿನಲ್ಲೇ ಲೈನ್ ಕ್ಲಿಯರ್ ತಗೊಂಡರಾಯಿತು ಅಂತ ಶುರುವಾಯಿತು. ಕೆಲಸ ಲಗೂ ಆಗುತ್ತಿತ್ತು ನಿಜ. ಆದರೆ ಲೈನ್‌ಮ್ಯಾನ್ ಉಪಕೇಂದ್ರದ ಮೆಟ್ಟಿಲು ಹತ್ತುವುದು ನಿಂತಿತು, ಅದರ ಜೊತೆ ಟವಲೂ ನಿಂತಿತು. ಅದೇ ಫೋನಿಗೆ ರೈತರು, ಗಿರಣಿಯವರು, ಮೇಲಿನ ಸಾಹೇಬರು, ಪಂಚಾಯ್ತಿ ಮೆಂಬರು ಎಲ್ಲರೂ ಬರತೊಡಗಿದರು. "ಲೈನ್ ಯಾವಾಗ ಬಿಡ್ತೀರಿ?" ಎಂಬ ಒಂದು ಪ್ರಶ್ನೆಯನ್ನು ಒಂದು ಪಾಳಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಆ ದೇವರೇ ಎಣಿಸಿರಬೇಕು. ಮೊದಮೊದಲು ನಯವಾಗಿ ಉತ್ತರ ಕೊಟ್ಟೆ. ಆಮೇಲೆ ನಾನೂ ಒರಟನಾದೆ.

ನಿಜವಾದ ಕಷ್ಟ ಶುರುವಾದದ್ದು ಬ್ಯಾಡಗಿ ತಾಲೂಕಿನ ಉಪಕೇಂದ್ರಕ್ಕೆ ಬಂದ ಮೇಲೆ. ಮೂರು ಪಾಳಿಗೆ ಮೂರು ಜನ, ರಜೆಗೆ ಇನ್ನೊಬ್ಬರು ಇರಬೇಕಾದ ಕಡೆ ನಾವಿದ್ದದ್ದು ಇಬ್ಬರು. ಮೂರನೆಯವರು ನಾನು ಬರುವ ಮೊದಲೇ ನಿವೃತ್ತರಾಗಿ, ಅವರ ಜಾಗ ಖಾಲಿಯೇ ಉಳಿದಿತ್ತು. ನನ್ನ ಜೊತೆಯವನಿಗೆ ಜ್ವರ ಬಂದರೆ ನಾನು ಎದ್ದು ಹೋಗುವ ಹಾಗಿಲ್ಲ. ಅದಕ್ಕೆ ನಾವು ಡಬಲ್ ಅನ್ನುತ್ತಿದ್ದೆವು. ಹದಿನಾರು ತಾಸು ಡಬಲ್, ಇಪ್ಪತ್ನಾಲ್ಕಾದರೆ ಅದಕ್ಕೆ ಹೆಸರೇ ಇರಲಿಲ್ಲ. ಸಾಹೇಬರಿಗೆ ಹೇಳಿದರೆ, "ಹೊಂದಿಸ್ಕೊಂಡ ಹೋಗ್ರಿ ಗುರುಪಾದಪ್ಪ, ಹೊಸಬರನ್ನ ಕೊಡ್ತೇವಿ ಅಂದಾರ ಮ್ಯಾಲ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಅವರ ಫೋನೂ ನನ್ನದರಷ್ಟೇ ರಿಂಗಾಗುತ್ತಿತ್ತು.

ಮೈಗೆ ಏನಾಯಿತು ಎಂಬುದನ್ನು ನೀವು ಕೇಳಿಸಿಕೊಳ್ಳಬೇಕು, ಯಾಕೆಂದರೆ ಅದು ಹೇಳಿಕೇಳಿ ಬರುವುದಿಲ್ಲ. ಮೊದಲು ಕಿವಿಗೆ ಬಂತು. ಸ್ನಾನ ಮಾಡುವಾಗ, ದೇವರ ಮುಂದೆ ನಿಂತಾಗ, ಎಲ್ಲೂ ಇಲ್ಲದ ಫೋನ್ ರಿಂಗಾದ ಹಾಗೆ ಕೇಳುತ್ತಿತ್ತು. ಆಮೇಲೆ ಹೊಟ್ಟೆಗೆ ಬಂತು. ಎರಡು ತುತ್ತು ಉಂಡರೆ ಎದೆ ಉರಿ. ಆಮೇಲೆ ಮನೆಗೆ ಬಂತು. ಒಂದು ಸಲ ಕುಕ್ಕರ್ ಸೀಟಿ ಹೊಡೆಯಿತು ಅಂತ ಅನ್ನದ ತಾಟು ಎಸೆದೆ. ಹುಳಿ ಗೋಡೆಗೆ ಹತ್ತಿತು. ನನ್ನ ಮಗಳು ಓಡಿಬಂದು ಟಿವಿ ಬಂದ್ ಮಾಡಿದಳು. ಅಂದಿನಿಂದ ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಟಿವಿ ತಾನಾಗಿ ಬಂದ್ ಆಗುತ್ತಿತ್ತು. ಗಿರಿಜಾ ಗೋಡೆ ಒರೆಸುತ್ತ, "ಕರೆಂಟಿನ್ಯಾಗ ಇರೂದ ಸಾಕಾಗಿಲ್ಲೇನ್ರಿ, ಮನ್ಯಾಗೂ ತರ್ತೀರಲ್ಲ" ಅಂದಳು. ನನಗೆ ನಾಚಿಕೆಯಾಯಿತು, ಆದರೆ ತಪ್ಪಾಯಿತು ಅಂತ ಹೇಳಲಿಲ್ಲ.

ಹಾವೇರಿಯ ಡಾಕ್ಟರು ಬಿ.ಪಿ. ನೋಡಿ ಗುಳಿಗೆ ಬರೆದುಕೊಟ್ಟು, "ಟೆನ್ಶನ್ ಕಡಿಮಿ ಮಾಡ್ಕೋರಿ" ಅಂದರು. ಹನ್ನೊಂದು ಸಾವಿರ ವೋಲ್ಟಿನ ಪಕ್ಕ ಕೂತವನಿಗೆ ಈ ಮಾತು! ನಕ್ಕು ಹೊರಬಂದೆ. ಗುಳಿಗೆಯನ್ನೂ ನೆನಪಾದಾಗ ಮಾತ್ರ ನುಂಗುತ್ತಿದ್ದೆ.

ಇನ್ನು ಆ ಮಧ್ಯಾಹ್ನದ ಮಾತು.

ಬೇಸಿಗೆ. ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಕೂತವನು ನಾನು, ಮರುದಿನ ಹನ್ನೊಂದಾದರೂ ಎದ್ದಿರಲಿಲ್ಲ. ಜೊತೆಯವನ ಹೆಂಡತಿಯನ್ನು ದವಾಖಾನೆಗೆ ಸೇರಿಸಿದ್ದರು, ಅವನು ಬರಲಿಲ್ಲ. ಕದರಮಂಡಲಗಿ ಕಡೆಯ ಪಂಪ್‌ಸೆಟ್ ಫೀಡರ್ ಬೆಳಿಗ್ಗೆಯಿಂದ ಬಂದ್ ಇತ್ತು. ಈರಣ್ಣ ಅಂತ ಒಬ್ಬ ಲೈನ್‌ಮ್ಯಾನ್ ಈಚೆ ತುದಿಯಲ್ಲಿ ಕಡಿದ ತಂತಿ ಜೋಡಿಸುತ್ತಿದ್ದ. ಅವನ ಹೆಸರು ಪುಸ್ತಕದಲ್ಲಿ ಬರೆದಿದ್ದೆ. ಬಾಗಿಲಲ್ಲಿ ಹತ್ತು ಹನ್ನೆರಡು ಜನ ರೈತರು ಬಂದು ನಿಂತಿದ್ದರು. ಅವರ ಬೆಳೆ ಅವರಿಗೆ, ತಪ್ಪೇನಿಲ್ಲ. ಪೇಟೆಯ ಕಡೆಯಿಂದ ಗಾಳಿ ಬೀಸಿದರೆ ಮೆಣಸಿನಕಾಯಿಯ ಘಾಟು, ಎಲ್ಲರೂ ಕೆಮ್ಮುತ್ತಿದ್ದರು.

ಆಗ ಹನುಮಂತಪ್ಪನ ಫೋನ್ ಬಂತು. ಕದರಮಂಡಲಗಿಯವನು, ನನಗಿಂತ ನಾಲ್ಕು ವರ್ಷ ಹಿರಿಯ ಲೈನ್‌ಮ್ಯಾನ್. ನಾನು ಹನುಮಣ್ಣ ಅಂತ ಕರೆಯುತ್ತಿದ್ದೆ. ಅವನು ಅದೇ ಫೀಡರಿನ ಆಚೆ ತುದಿಯಲ್ಲಿದ್ದ.

"ಗುರುಪಾದ, ಹೆಂಗೂ ಲೈನ್ ಬಂದ್ ಐತಿ. ನಾನೂ ಈ ಕಡೆ ಒಂದ್ ಇನ್ಸುಲೇಟರ್ ಬದಲಿ ಮಾಡ್ಕೊಂಡ ಬಿಡ್ತೀನಿ. ಬರಕೋ" ಅಂದ.

ಇದು ನಮ್ಮ ಕಡೆ ದಿನಾ ನಡೆಯುವ ಸಂಗತಿ. ಒಬ್ಬನಿಗಾಗಿ ಬಂದ್ ಮಾಡಿದ ಲೈನಿನಲ್ಲಿ ಇನ್ನೊಬ್ಬನೂ ಕೆಲಸ ಮುಗಿಸಿಕೊಳ್ಳುವುದು, ಮತ್ತೊಮ್ಮೆ ಬಂದ್ ಮಾಡುವುದು ಉಳಿಯಲಿ ಅಂತ. ಆಗ ಪುಸ್ತಕದಲ್ಲಿ ಎರಡನೇ ಹೆಸರನ್ನೂ ಬರೆಯಲೇಬೇಕು. "ಬರಕೊಂಡೆ ಬಿಡು" ಅಂದೆ. ಅಷ್ಟರಲ್ಲಿ ಇನ್ನೊಂದು ಫೋನ್ ರಿಂಗಾಯಿತು, ಸಾಹೇಬರದು. ಹನುಮಣ್ಣನ ಫೋನ್ ಇಟ್ಟು, ಸಾಹೇಬರದನ್ನು ಭುಜ ಮತ್ತು ಕಿವಿಯ ನಡುವೆ ಒತ್ತಿಕೊಂಡು, ಪುಸ್ತಕ ಮೇಜಿನ ಆಚೆ ತುದಿಯಲ್ಲಿತ್ತು ಅಂತ, ಎಡ ಅಂಗೈ ಬಿಡಿಸಿ 'ಹನು' ಎಂದು ಪೆನ್ನಿನಲ್ಲಿ ಗೀಚಿಕೊಂಡೆ. ಆಮೇಲೆ ಪುಸ್ತಕಕ್ಕೆ ಏರಿಸಿದರಾಯಿತು ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ತಾಸಿನ ರೀಡಿಂಗ್ ಬಂತು, ಬಾಗಿಲಲ್ಲಿ ಜಗಳ ಬಂತು, ಮತ್ತೆ ಫೋನ್ ಬಂತು.

ಒಂದು ಗಂಟೆಗೆ ಈರಣ್ಣ ಫೋನ್ ಮಾಡಿ, "ಜನ ಇಳಿದಾರ, ಅರ್ಥ್ ತಗದೇನಿ, ಲೈನ್ ಬಿಡ್ರಿ" ಅಂದ. ಪುಸ್ತಕ ತೆರೆದೆ. ಒಂದೇ ಹೆಸರು. ವಾಪಸ್ ಅಂತ ಬರೆದೆ. ಬಾಗಿಲಲ್ಲಿದ್ದವರಿಗೆ, "ಬಿಟ್ಟೆ ಹೋಗ್ರೋ ಮಾರಾಯ್ರ" ಎಂದು ಕೂಗಿ ಹಿಡಿ ತಿರುಗಿಸಿದೆ.

ಧಡ್ ಎಂದು ಬ್ರೇಕರ್ ಅದೇ ಕ್ಷಣ ಬಿದ್ದುಹೋಯಿತು. ಟ್ರಿಪ್.

ಟ್ರಿಪ್ ಆಗುವುದು, ಅಂದರೆ ಲೈನಿನಲ್ಲಿ ದೋಷವಿದ್ದರೆ ಬ್ರೇಕರ್ ತಾನಾಗಿ ಬಂದ್ ಆಗುವುದು, ನಮಗೆ ಹೊಸದಲ್ಲ. ತಂತಿಗೆ ಹಕ್ಕಿ ತಾಗಿದರೂ ಆಗುತ್ತದೆ, ಟೊಂಗೆ ತಾಗಿದರೂ ಆಗುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ ನೋಡುವುದು ರೂಢಿ, ಎಷ್ಟೋ ಸಲ ನಿಂತುಬಿಡುತ್ತದೆ. ಬಾಗಿಲಿನಿಂದ, "ಇನ್ನೊಮ್ಮಿ ಹಾಕ್ರಿ, ಇನ್ನೊಮ್ಮಿ ಹಾಕ್ರಿ" ಅನ್ನುತ್ತಿದ್ದರು. ಮತ್ತೆ ಹಿಡಿಗೆ ಕೈ ಹಾಕಿದೆ. ಬಲಗೈ ಬೆವರಿನಿಂದ ಜಾರಿತು. ಎಡಗೈಯನ್ನೂ ಎತ್ತಿದೆ. ಅಂಗೈಯಲ್ಲಿ ನೀಲಿ ಶಾಯಿ ಕಲಸಿಹೋಗಿತ್ತು. ಇದೇನು ಅಂತ ನೋಡಿದೆ. 'ಹ' ಅಕ್ಷರದ ಅರ್ಧ ಮಾತ್ರ ಉಳಿದಿತ್ತು.

ಹಿಡಿ ಬಿಟ್ಟೆ. ಹನುಮಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಎಂಟು ಸಲ ಮಾಡಿದೆ. ಕಂಬದ ಕೆಳಗೆ ಅವನ ಹೆಂಡತಿ ಕೂತು ಅಳುತ್ತಿರುವ ಹಾಗೆ, ನಾನು ಆಕೆಯ ಮುಂದೆ ನಿಂತ ಹಾಗೆ ಕಣ್ಣಿಗೆ ಕಟ್ಟಿತು. ಅದೊಂದು ಮುಕ್ಕಾಲು ತಾಸನ್ನು ನಾನು ಇಂದಿಗೂ ಬದುಕುತ್ತಿದ್ದೇನೆ.

ಅವನು ಸತ್ತಿರಲಿಲ್ಲ. ಫೋನ್ ಗಾಡಿಯ ಚೀಲದಲ್ಲಿತ್ತು. ಮುಕ್ಕಾಲು ತಾಸಿನ ಮೇಲೆ ಗಾಡಿ ತಂದು ನಿಲ್ಲಿಸಿ ಒಳಗೆ ಬಂದ. ಹಳೇ ಕಾಲದ ಶಿಸ್ತಿನವನು, ಹತ್ತೇ ನಿಮಿಷದ ಕೆಲಸಕ್ಕೂ ಅರ್ಥ್ ರಾಡು ಹಾಕದೆ ತಂತಿ ಮುಟ್ಟುತ್ತಿರಲಿಲ್ಲ. ನಾನು ಬಿಟ್ಟ ಕರೆಂಟು ಅವನ ಮುಖದಿಂದ ಎರಡು ಅಡಿ ದೂರದಲ್ಲಿ ಆ ರಾಡಿನ ಮೇಲೆ ಸಿಡಿದು ಭೂಮಿಗೆ ಇಳಿದಿತ್ತು. ಎರಡನೇ ಸಲ ಬಿಟ್ಟಿದ್ದರೆ ಆ ಸರಪಳಿ ತಡೆಯುತ್ತಿತ್ತೋ ಇಲ್ಲವೋ. ಅವನ ಹುಬ್ಬು ಚುರುಟಿತ್ತು. ಮೂರು ಲೋಟ ನೀರು ಕುಡಿದ. ಲೋಟ ಹಲ್ಲಿಗೆ ಬಡಿದು ಕಟಕಟ ಅನ್ನುತ್ತಿತ್ತು.

"ಊಟ ಮಾಡೀಯೇನು?" ಅಂದ.

"ಇಲ್ಲ ಹನುಮಣ್ಣ."

"ಎಷ್ಟ ಹೊತ್ತಾತು ಕುಂತು?"

"ನಿನ್ನಿ ಎರಡಕ್ಕ."

ತಲೆ ಅಲ್ಲಾಡಿಸಿದ. ತನ್ನ ಟವಲ್ ತೆಗೆದು ಆ ಹಿಡಿಗೆ ಸುತ್ತಿ, "ರಾಡ್ ತಗದ ಬಂದ ಹೇಳ್ತೀನಿ" ಎಂದು ಹೋದ. ಬಯ್ಯಲಿಲ್ಲ. ರಾಡು ತೆಗೆದ ಮೇಲೆ ಯಾರದೋ ಫೋನಿನಲ್ಲಿ, ಯಾರೋ ಹುಡುಗ, "ಹನುಮಂತಪ್ಪಾರು ರಾಡ್ ತಗದಾರಂತ್ರಿ" ಎಂದು ಹೇಳಿದ. ಹನುಮಣ್ಣನ ಧ್ವನಿ ಕೇಳಲಿಲ್ಲ.

ಸಾಹೇಬರು ಫೋನಿನಲ್ಲಿ, "ಯಾಕ ಟ್ರಿಪ್ ಆತು?" ಎಂದರು. "ಟೆಂಪರರಿ ಫಾಲ್ಟ್ ಸರ್" ಅಂದೆ. "ಹಂಗ ಬರೀರಿ" ಅಂದರು. ಲಾಗ್‌ಬುಕ್ಕಿನಲ್ಲಿ, 'ತಾತ್ಕಾಲಿಕ ದೋಷದಿಂದ ಟ್ರಿಪ್, ನಂತರ ಸರಿಯಾಗಿದೆ' ಎಂದು ದುಂಡಗೆ ಬರೆದು ಸಹಿ ಹಾಕಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೆಂದದ ಅಕ್ಷರ ಬರೆದಿಲ್ಲ.

ಹನುಮಣ್ಣ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೆಲವು ತಿಂಗಳಿಗೆ ಅವನು ಕಂಬ ಹತ್ತುವ ಕೆಲಸ ಬಿಟ್ಟು ಮೀಟರ್ ಕೆಲಸಕ್ಕೆ ಹೋದ. ವಯಸ್ಸಾಯಿತು ಅಂದುಕೊಂಡೆ. ಎದುರಿಗೆ ಸಿಕ್ಕರೆ ಮಾತಾಡುತ್ತಿದ್ದೆವು, ಆ ಮಾತೊಂದನ್ನು ಬಿಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಯಾರಾದರೂ ಅಪಘಾತದ ಸುದ್ದಿ ತೆಗೆದರೆ ಅಂಗೈ ನೋಡಿಕೊಳ್ಳುತ್ತಿದ್ದೆ. ಅಂದಿನಿಂದ ಫೋನಿನಲ್ಲಿ ಲೈನ್ ಕ್ಲಿಯರ್ ಕೊಟ್ಟಾಗಲೆಲ್ಲ ನನ್ನ ಟವಲನ್ನೇ ಹಿಡಿಗೆ ಸುತ್ತುತ್ತಿದ್ದೆ. ಇಬ್ಬರಿದ್ದರೆ ಎರಡು. ಗಿರಿಜಾ ಬುತ್ತಿಯ ಜೊತೆ ಮೂರು ಟವಲ್ ಇಟ್ಟು ಕಳಿಸುತ್ತಿದ್ದಳು, ಯಾಕೆ ಅಂತ ಕೇಳಲಿಲ್ಲ. ಪಾಳಿ ಮುಗಿಸಿ ಗೇಟಿನವರೆಗೆ ಹೋದವನು ಮತ್ತೆ ಬಂದು ಹಿಡಿಗಳನ್ನೆಲ್ಲ ನೋಡಿ ಹೋಗುತ್ತಿದ್ದೆ. ಒಮ್ಮೊಮ್ಮೆ ಮೂರು ಸಲ.

ಹೀಗೆ ಒಂಬತ್ತು ವರ್ಷ ಕಳೆಯಿತು. ಡಬಲ್ ಮಾತ್ರ ಹೋಗಲಿಲ್ಲ. ಜೊತೆಯವನ ಜಾಗಕ್ಕೆ ರೇಣುಕಾ ಬಂದಳು. ಇಪ್ಪತ್ತಾರರ ಹುಡುಗಿ, ಗುತ್ತಲದ ಕಡೆಯವಳು, ಚುರುಕು. ನನ್ನ ಟವಲು ನೋಡಿ, "ಕಾಕಾ, ಇದೇನ್ರಿ ದೋಬಿ ಅಂಗಡಿ" ಎಂದು ನಗುತ್ತಿದ್ದಳು. ವರ್ಷ ತುಂಬುವುದರಲ್ಲಿ ಆ ನಗು ಹೋಯಿತು. ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದಳು. ಫೋನ್ ರಿಂಗಾದರೆ ಬೆಚ್ಚಿ ಕುರ್ಚಿ ಹಿಡಿದುಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ನನ್ನನ್ನೇ ನೋಡಿದ ಹಾಗಾಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮನೆಯ ಕೆಲಸಕ್ಕೆ ಎರಡು ದಿನ ರಜೆ ಹಾಕಿ ವಾಪಸ್ ಬಂದೆ. ಪಾಳಿ ವಹಿಸಿಕೊಳ್ಳುವ ಮುಂಚೆ ಲಾಗ್‌ಬುಕ್ ಓದಬೇಕು. ಹಿಂದಿನ ದಿನದ ಪುಟದಲ್ಲಿ ರೇಣುಕಾಳ ಅಕ್ಷರ: 'ತಾತ್ಕಾಲಿಕ ದೋಷದಿಂದ ಟ್ರಿಪ್, ನಂತರ ಸರಿಯಾಗಿದೆ.' ದುಂಡಗೆ, ಚೆಂದಗೆ.

"ತಂಗಿ, ಯಾರಿಗೇನಾತು?" ಅಂದೆ.

"ಯಾರಿಗೂ ಏನೂ ಆಗಿಲ್ರಿ."

"ನಾ ಕೇಳಿದ್ದ ಅದಲ್ಲ."

ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು. ನಾನು ರಜೆ ಹಾಕಿದ್ದರಿಂದ ಅವಳಿಗೆ ಡಬಲ್ ಬಿದ್ದಿತ್ತು. ಒಬ್ಬ ಲೈನ್‌ಮ್ಯಾನಿಗೆ ಎರಡನೇ ಫೀಡರಿನ ಲೈನ್ ಕ್ಲಿಯರ್ ಕೊಟ್ಟು, ಮೂರನೆಯದರ ಹಿಡಿ ತಿರುಗಿಸಿದ್ದಳು; ಎರಡನೆಯದರಲ್ಲಿ ಕರೆಂಟು ಹಾಗೇ ಇತ್ತು. ಅವನು ಮೊದಲು ಉದ್ದನೆಯ ರಾಡಿನಿಂದ ತಂತಿ ಮುಟ್ಟಿ ನೋಡಿದ್ದಕ್ಕೆ ಸಿಡಿಯಿತು, ಬದುಕಿದ. "ಕಾಕಾ, ಹೇಳಬ್ಯಾಡ್ರಿ. ನಂದಿನ್ನೂ ಪರ್ಮನೆಂಟ್ ಆಗಿಲ್ಲ. ನೌಕರಿ ಹೋದ್ರ ಮನ್ಯಾಗ ಏನಂತ ಹೇಳ್ಲಿ" ಅಂದಳು.

ನಾನು ಅಂದು ಬರೆದ ಸುಳ್ಳು ನನ್ನೊಬ್ಬನ ತಪ್ಪನ್ನು ಮುಚ್ಚಿತ್ತು ಅಂತ ಇಷ್ಟು ವರ್ಷ ತಿಳಿದಿದ್ದೆ. ಈಗ ಗೊತ್ತಾಯಿತು, ಅದು ಡಬಲನ್ನೂ ಮುಚ್ಚಿತ್ತು. ಕಾಗದದ ಮೇಲೆ ಎಲ್ಲವೂ ತಾತ್ಕಾಲಿಕ ದೋಷವಾದರೆ ಮೇಲಿನವರು ಇನ್ನೊಬ್ಬ ಆಪರೇಟರನ್ನು ಯಾಕೆ ಕೊಟ್ಟಾರು? ಈ ಹುಡುಗಿ ಕೂತಿದ್ದು ನಾನು ಹಾಕಿಟ್ಟ ಕುರ್ಚಿಯಲ್ಲಿ. ಇನ್ನೊಮ್ಮೆ ಆದರೆ ಯಾರದೋ ಹೆಂಡತಿ ಕಂಬದ ಕೆಳಗೆ ಕೂರುತ್ತಾಳೆ.

"ನಿನ್ನ ಹೆಸರು ನಾ ತಗಿಯೂದಿಲ್ಲ. ನಂದ ತಗೀತೀನಿ" ಅಂದೆ.

ಆಗಿದ್ದ ಸಾಹೇಬರು ಹೊಸಬರು, ನನ್ನ ಮಗಳ ವಯಸ್ಸಿನವರು. ಹಳೇ ಲಾಗ್‌ಬುಕ್ ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನಾಕ ತಿಂಗಳದಾಗ ನಿವೃತ್ತಿ ಆಗೋರು ನೀವು. ಈ ಹಳೇ ಹೆಣ ಯಾಕ ಎಬ್ಬಸ್ತೀರಿ? ವಿಚಾರಣೆ ಅಂತ ಹಚ್ಚಿದ್ರ ನಿಮಗ ತ್ರಾಸು."

"ಆಗಲಿ ಸಾಹೇಬ್ರ. ಎಷ್ಟ ತಾಸು ಕುಂತಿದ್ದೆ ಅನ್ನೂದೂ ಅದರಾಗ ಬರೀರಿ."

"ಬರದ್ರೂ ನಂಬೂದು ಹೆಂಗ? ಹನುಮಂತಪ್ಪಗ ಲೈನ್ ಕ್ಲಿಯರ್ ಕೊಟ್ಟಿದ್ದಕ್ಕ ಪುಸ್ತಕದಾಗ ಒಂದ್ ಗೆರಿ ಇಲ್ಲ. ಅವ್ರು ಬರದ ಕೊಡಬೇಕು."

ಮರುದಿನ ಕದರಮಂಡಲಗಿಗೆ ಹೋದೆ. ಹನುಮಣ್ಣ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಿಕ್ಕ. ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ಬಂದ ಕಾರಣ ಹೇಳಿದೆ.

"ಒಂಬತ್ತ ವರ್ಷಾತು, ಗುರುಪಾದ. ನೀ ಒಂದ ದಿನಾನೂ ಕೇಳಲಿಲ್ಲ."

"ನೀ ಬೈದಿದ್ದಿಲ್ಲಲ್ಲ. ಮರತಿ ಅಂದ್ಕೊಂಡೆ."

"ಬೈಯಾಕ ಬಾಯಾಗ ಧ್ವನಿ ಎಲ್ಲಿತ್ತು ಅವತ್ತ? ರಾಡ್ ತಗದೇನಿ ಅಂತ ಹೇಳಾಕೂ ಆಗಲಿಲ್ಲ. ದಾರಿ ಹುಡುಗನ ಕಡೆ ಹೇಳಿಸಿದೆ." ಅವನು ಗುಡಿಯ ಕಡೆ ನೋಡುತ್ತ ಮಾತಾಡಿದ. "ಮರದಿನಾ ಕಂಬಕ್ಕ ಏಣಿ ಹಚ್ಚಿದೆ. ಎರಡ ಮೆಟ್ಟಿಲಾಗೂದ್ರಾಗ ಕಾಲು ನಡುಗಾಕತ್ತಿದ್ವು. ಹುಡುಗ್ರು ಹನುಮಣ್ಣ ಕುಡದ ಬಂದಾನ ಅಂದ್ರು. ನಾ ಜನ್ಮದಾಗ ಮುಟ್ಟಿಲ್ಲ. ಹೌದಪ್ಪಾ ಕುಡದೇನಿ ಅಂದೆ. ಅಂಜಿಕಿ ಬರ್ತೈತಿ ಅನ್ನೂದಕಿಂತ ಅದ ಚೊಲೋ ಅನಸ್ತು. ಈಗೂ ಕನಸಿನ್ಯಾಗ ನಾ ಆ ಕಂಬದ ಮ್ಯಾಲ ಅದೀನಿ. ಇಳಿಯಾಕ ಆಗೂದಿಲ್ಲ."

ನನ್ನ ಕಣ್ಣು ತುಂಬಿಬಂತು. ನನ್ನ ಕಿವಿ, ನನ್ನ ಬಿ.ಪಿ., ನನ್ನ ಅಂಗೈ ಅಂತ ಒಂಬತ್ತು ವರ್ಷ ನನ್ನದನ್ನೇ ನೋಡಿಕೊಂಡಿದ್ದೆ. ಅವನು ಹೇಗಿದ್ದಾನೆ ಎಂಬ ಒಂದು ಮಾತು ಕೇಳಲು ನನಗೆ ಬಾಯಿ ಬಂದಿರಲಿಲ್ಲ. "ತಪ್ಪಾತು ಹನುಮಣ್ಣ" ಅಂದೆ. ಅವನು ಕಾಗದ ಕೇಳಿ ಇಸಿದುಕೊಂಡು, ತೊಡೆಯ ಮೇಲಿಟ್ಟುಕೊಂಡು, ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಮಾಡಿ ಕೊಟ್ಟ. ನಾನು ಎದ್ದು ನಿಂತಾಗ ಮಾತ್ರ, "ಆ ಹುಡುಗಿಗೆ ಹೇಳು, ರಾಡ್ ಹಾಕಿ ನೋಡಿದಾಂವನ ಮನಿಗೆ ಹೋಗಿ ಬಾ ಅಂತ. ಇವತ್ತ ಹೋಗು ಅನ್ನು" ಎಂದ. ರೇಣುಕಾ ಅಂದೇ ಹೋಗಿಬಂದಳು.

ವಿಚಾರಣೆ ನಡೆಯಿತು. ಮೂರು ಸಲ ಕರೆಸಿದರು. ಕೈ ಕಟ್ಟಿ ನಿಂತೆ. ನನ್ನ ಸೇವಾ ಪುಸ್ತಕದ ಕೊನೆಯ ಪುಟಕ್ಕೆ ಒಂದು ಎಚ್ಚರಿಕೆಯ ಮೆಮೊ ಬಂತು. ಅದರ ಹಿಂದೆಯೇ ನಮ್ಮ ಉಪಕೇಂದ್ರಕ್ಕೆ ಇನ್ನಿಬ್ಬರು ಆಪರೇಟರುಗಳು ಬಂದರು, ಹನ್ನೆರಡು ತಾಸಿನ ಮೇಲೆ ಯಾರನ್ನೂ ಕೂರಿಸಬಾರದು ಎಂಬ ಆದೇಶವೂ ಬಂತು. ಬೇರೆ ಕಡೆ ಹೇಗಿದೆಯೋ ಗೊತ್ತಿಲ್ಲ. ನಮ್ಮಲ್ಲಿ ರೇಣುಕಾ ಡಬ್ಬಿ ತೆರೆದು ಉಣ್ಣತೊಡಗಿದಳು, ನನಗೆ ಅಷ್ಟು ಸಾಕಾಗಿತ್ತು. ಮೆಮೊ ಬಂದವನಿಗೆ ದೊಡ್ಡ ಸಮಾರಂಭ ಮಾಡುವುದಿಲ್ಲ, ಹಾವೇರಿಯ ಏಲಕ್ಕಿ ಹಾರ ನನ್ನ ಕೊರಳಿಗೆ ಬೀಳಲಿಲ್ಲ. ಗಿರಿಜಾ ಮಾತ್ರ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದಳು.

ಕೊನೆಯ ದಿನ ಬೆಳಗಿನ ಪಾಳಿ ನನ್ನದು. ಎರಡು ಗಂಟೆಗೆ ಬಿಡುವುದು. ಒಂದೂ ಮುಕ್ಕಾಲಿಗೆ ಫೋನ್ ರಿಂಗಾಯಿತು. ಗಡಿಯಾರ ನೋಡಿ ಎತ್ತಿದೆ.

"ಗುರುಪಾದ, ನಾ ಹನುಮಂತಪ್ಪ. ಕದರಮಂಡಲಗಿ ಫೀಡರಿನ್ಯಾಗ ಒಂದ್ ಲೈನ್ ಕ್ಲಿಯರ್ ತಗೊಂಡಿದ್ದೆ. ವಾಪಸ್ ಕೊಡೂದು ಉಳದಿತ್ತು."

ಆ ಕಡೆಯಿಂದ ಅವನು ಗಂಟಲು ಸರಿಮಾಡಿಕೊಂಡ ಸಪ್ಪಳ ಕೇಳಿತು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಜನ ಇಳಿದಾರ. ಅರ್ಥ್ ತಗದೇನಿ. ಲೈನ್ ಬಿಡು."

"ಬರಕೊಂಡೆ, ಹನುಮಣ್ಣ" ಅಂದೆ. ಫೋನ್ ಇಟ್ಟು, ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಅವನ ಪೂರ್ತಿ ಹೆಸರು, ವೇಳೆ ಬರೆದೆ. ಈ ಸಲ ಖರೇನೇ ಬರೆದುಕೊಂಡೆ.